ಮುರುಗಲು ತುಪ್ಪ ಗಟ್ಟಿ, ತಾರ್ಲೆ ಎಣ್ಣೆ ನೀರು. ಲಿಪಿಡ್ ನೋಟ್ಸ್ ತಪ್ಪೋ, ನಮ್ಮ ಅಡುಗೆಮನೆ ತಪ್ಪೋ?

ಕಾಳಿ_ದಂಡೆ (ಕಾರವಾರ):

ಬಿಎಸ್ಸಿ ನರ್ಸಿಂಗ್ ಮೊದಲ ವರ್ಷ. ಬಯೋಕೆಮಿಸ್ಟ್ರಿಯಲ್ಲಿ ಲಿಪಿಡ್ ನಡೆಯುತ್ತಿದೆ. ನೋಟ್ಸ್‌ನಲ್ಲಿ ಹೀಗೆ ಬರೆಸಿದ್ದಾರೆ: ಪ್ರಾಣಿ ಕೊಬ್ಬು ಸ್ಯಾಚುರೇಟೆಡ್ (ಕಾರ್ಬನ್‌ಗಳ ನಡುವೆ ಜೋಡಿ ಬಂಧ, ಅಂದರೆ ಡಬಲ್ ಬಾಂಡ್, ಇಲ್ಲದ್ದು), ಹಾಗಾಗಿ ಗಟ್ಟಿ. ಗಿಡದ ಎಣ್ಣೆ ಅನ್‌ಸ್ಯಾಚುರೇಟೆಡ್ (ಡಬಲ್ ಬಾಂಡ್ ಇರುವುದು), ಹಾಗಾಗಿ ದ್ರವ.

ನಮ್ಮ ಮನೆಯಲ್ಲಿ ಎಲ್ಲ ಉಲ್ಟಾ. ಅಜ್ಜಿ ಹಿಮ್ಮಡಿಗೆ ಹಚ್ಚುವ ಮುರುಗಲು (ಕೋಕಂ) ತುಪ್ಪ ಹಣ್ಣಿನ ಬೀಜದಿಂದ ತೆಗೆದದ್ದು. ಮೇ ತಿಂಗಳ ಸೆಖೆಯಲ್ಲೂ ಉಗುರಿನಿಂದ ಕೆರೆಯಬೇಕು. ತಾರ್ಲೆ (ಬೂತಾಯಿ ಮೀನು) ಹುರಿದಾಗ ಬಿಡುವ ಎಣ್ಣೆ ಪ್ರಾಣಿಯದ್ದೇ, ಆದರೆ ಹರಿಯುತ್ತದೆ. ತೆಂಗಿನೆಣ್ಣೆ ಇನ್ನೂ ಗೊಂದಲ. ಪುಸ್ತಕದಲ್ಲಿ ಸುಮಾರು 90% ಸ್ಯಾಚುರೇಟೆಡ್ ಅಂತಿದೆ, ಇಲ್ಲಿ ಹೆಚ್ಚುಕಡಿಮೆ ವರ್ಷಪೂರ್ತಿ ದ್ರವ. ಶಿರಸಿಯ ರೂಮ್‌ಮೇಟ್ ಮನೆಯಲ್ಲಿ ಮಾತ್ರ ಡಿಸೆಂಬರ್ ಬಂತೆಂದರೆ ಬಾಟಲಿ ಬಿಸಿಲಿಗೆ ಇಡಬೇಕಂತೆ. ಪರೀಕ್ಷೆಯಲ್ಲಿ ಏನು ಬರೆಯಲಿ?

ಸಪ್ಲಿ_ಸಾಕು:

ನೋಟ್ಸ್‌ನಲ್ಲಿ ಇದ್ದದ್ದನ್ನೇ ಬರೆಯಿರಿ. ಕೊನೆಗೆ ‘ತೆಂಗು, ಮೀನು ಅಪವಾದ’ ಅಂತ ಒಂದು ಸಾಲು. ಮುಂದಿನ ಪ್ರಶ್ನೆಗೆ ಹೋಗಿ.

ಘಟ್ಟದ_ಮೇಷ್ಟ್ರು (ಶಿರಸಿ):

ಅಪವಾದ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಒಂದೇ ಅಡುಗೆಮನೆಯ ಮೂರು ಎಣ್ಣೆಯೂ ನಿಯಮಕ್ಕೆ ಸಿಗದಿದ್ದರೆ ನಿಯಮವನ್ನೇ ಅನುಮಾನಿಸಬೇಕು, ಅಲ್ವಾ? ಗಿಡವೋ ಪ್ರಾಣಿಯೋ ಎಂಬುದನ್ನು ಬಿಟ್ಟುಬಿಡಿ. ಅಣುವನ್ನು ನೋಡಿ.

ಎಣ್ಣೆ, ತುಪ್ಪ, ಕೊಬ್ಬು ಎಲ್ಲವೂ ಮುಖ್ಯವಾಗಿ ಟ್ರೈಗ್ಲಿಸರೈಡ್. ಒಂದು ಗ್ಲಿಸರಾಲ್, ಅದಕ್ಕೆ ಅಂಟಿದ ಮೂರು ಫ್ಯಾಟಿ ಆ್ಯಸಿಡ್. ಫ್ಯಾಟಿ ಆ್ಯಸಿಡ್ ಅಂದರೆ ಕಾರ್ಬನ್ ಸರಪಳಿ. ಈ ಸರಪಳಿಗಳು ಒಂದರ ಪಕ್ಕ ಒಂದು ಎಷ್ಟು ಒತ್ತಾಗಿ ಕೂರುತ್ತವೆ ಎಂಬುದರ ಮೇಲೆ ಕರಗುವ ಉಷ್ಣತೆ ನಿಂತಿದೆ. ನೆಟ್ಟಗಿನ ಕಟ್ಟಿಗೆಯನ್ನು ಒತ್ತಾಗಿ ಪೇರಿಸಬಹುದು, ಡೊಂಕು ಕಟ್ಟಿಗೆ ಸೇರಿದರೆ ಸಂದು ಬೀಳುತ್ತದೆ. ಸಿಸ್ ಡಬಲ್ ಬಾಂಡ್ (ಸರಪಳಿಯ ಎರಡು ಭಾಗಗಳೂ ಬಂಧದ ಒಂದೇ ಬದಿಗೆ ಇರುವುದು) ಮಾಡುವುದು ಆ ಡೊಂಕನ್ನೇ. ಸ್ಟಿಯರಿಕ್ ಆ್ಯಸಿಡ್‌ನಲ್ಲಿ 18 ಕಾರ್ಬನ್, ಡಬಲ್ ಬಾಂಡ್ ಇಲ್ಲ, ಕರಗುವುದು 69 ಡಿಗ್ರಿಗೆ. ಓಲಿಯಿಕ್‌ನಲ್ಲೂ 18 ಕಾರ್ಬನ್, ಒಂದೇ ಒಂದು ಡಬಲ್ ಬಾಂಡ್, ಕರಗುವುದು ಸುಮಾರು 13ಕ್ಕೆ!

ನಿಮ್ಮ ನೋಟ್ಸ್ ಇಲ್ಲಿಗೆ ನಿಂತಿದೆ. ಸರಪಳಿಯ ಉದ್ದವನ್ನು ಬಿಟ್ಟಿದೆ. ಲಾರಿಕ್ ಆ್ಯಸಿಡ್‌ನಲ್ಲೂ ಡಬಲ್ ಬಾಂಡ್ ಇಲ್ಲ, ಆದರೆ 12 ಕಾರ್ಬನ್ ಮಾತ್ರ, ಹಾಗಾಗಿ 44ಕ್ಕೇ ಕರಗುತ್ತದೆ. ತೆಂಗಿನೆಣ್ಣೆಯಲ್ಲಿ ಹತ್ತಿರಹತ್ತಿರ ಅರ್ಧ ಲಾರಿಕ್, ಜೊತೆಗೆ 8, 10 ಕಾರ್ಬನ್‌ನ ಗಿಡ್ಡ ಸರಪಳಿಗಳು. ಎಲ್ಲ ಬೆರೆತು ಸುಮಾರು 24 ಡಿಗ್ರಿಗೆ ಕರಗುತ್ತದೆ. ಕಾರವಾರ ಹೆಚ್ಚಾಗಿ ಅದಕ್ಕಿಂತ ಮೇಲೆ, ನಮ್ಮ ಘಟ್ಟದ ಚಳಿ ಅದಕ್ಕಿಂತ ಕೆಳಗೆ. ರೂಮ್‌ಮೇಟ್ ಹೇಳಿದ್ದು ಸರಿ.

ಮುರುಗಲು ತುಪ್ಪದಲ್ಲಿ ಸ್ಟಿಯರಿಕ್ ಅರ್ಧಕ್ಕಿಂತ ಜಾಸ್ತಿ, ಉಳಿದದ್ದು ಹೆಚ್ಚಿನಂಶ ಓಲಿಯಿಕ್. ಅಂದರೆ ತೆಂಗಿನೆಣ್ಣೆಗಿಂತ ಎಷ್ಟೋ ಜಾಸ್ತಿ ಅನ್‌ಸ್ಯಾಚುರೇಟೆಡ್! ಆದರೂ ಕರಗಲು ಹತ್ತಿರಹತ್ತಿರ 40 ಡಿಗ್ರಿ ಬೇಕು. ಹೆಚ್ಚಿನ ಅಣುಗಳಲ್ಲಿ ಎರಡು ತುದಿಗೆ ಉದ್ದನೆಯ ಸ್ಟಿಯರಿಕ್, ನಡುವೆ ಓಲಿಯಿಕ್. ಎಲ್ಲ ಒಂದೇ ಅಚ್ಚಿನವು, ಅದಕ್ಕೇ ಒತ್ತಾಗಿ ಕೂರುತ್ತವೆ. ಪರೀಕ್ಷಕರಿಗೆ ಈ ಒಂದು ಹೋಲಿಕೆ ಬರೆದರೆ ಸಾಕು.

ತಾರ್ಲೆಯಲ್ಲಿರುವ ಇಪಿಎ ಎಂಬ ಫ್ಯಾಟಿ ಆ್ಯಸಿಡ್‌ಗೆ 20 ಕಾರ್ಬನ್, 5 ಡಬಲ್ ಬಾಂಡ್. ಡಿಎಚ್‌ಎ ಎಂಬ ಇನ್ನೊಂದಕ್ಕೆ 22 ಕಾರ್ಬನ್, 6 ಡಬಲ್ ಬಾಂಡ್. ಇಷ್ಟು ಡೊಂಕಾದ ಮೇಲೆ ಗಟ್ಟಿಯಾಗುವ ಮಾತೇ ಇಲ್ಲ. ಮೀನಿನ ಮೈ ಕಡಲಿನಷ್ಟೇ ತಂಪು, ಅಲ್ಲಿ ಕೋಶಪೊರೆ ಸಡಿಲವಾಗಿರಬೇಕು. ಹಸುವಿನ ಮೈ 38 ಡಿಗ್ರಿಯ ಮೇಲೆ, ಅದಕ್ಕೆ ಗಟ್ಟಿ ಕೊಬ್ಬು ನಡೆಯುತ್ತದೆ.

ಬೇಲೆಕೇರಿ_ಬಲೆ (ಅಂಕೋಲಾ):

ನಡುವೆ ಬಾಯಿ ಹಾಕುತ್ತೇನೆ. ನಮ್ಮಲ್ಲಿ ಮರದ ದೋಣಿಗೆ ಮೀನೆಣ್ಣೆ ಬಳಿಯುತ್ತಿದ್ದರು. ಊರ ತುಂಬ ನಾತ. ತೆಂಗಿನೆಣ್ಣೆ ಯಾಕೆ ಬಳಿಯುತ್ತಿರಲಿಲ್ಲ? ದುಬಾರಿ ಅಂತಲೋ?

ಘಟ್ಟದ_ಮೇಷ್ಟ್ರು:

ಬೆಲೆಯೂ ಹೌದು. ಆದರೆ ಪುಕ್ಕಟೆ ಕೊಟ್ಟರೂ ಕೆಲಸ ಆಗುತ್ತಿರಲಿಲ್ಲ. ಮೀನೆಣ್ಣೆಯಲ್ಲಿ ಡಬಲ್ ಬಾಂಡ್‌ಗಳ ನಡುವಿನ ಕಾರ್ಬನ್ ಮೇಲೆ ಗಾಳಿಯ ಆಕ್ಸಿಜನ್ ಬೀಳುತ್ತದೆ, ಸರಪಳಿಗಳು ಒಂದಕ್ಕೊಂದು ಬೆಸೆದು ಮರದ ಮೇಲೆ ಪದರ ಕಟ್ಟುತ್ತವೆ. ತೆಂಗಿನೆಣ್ಣೆಯಲ್ಲಿ ಅಂಥ ಜಾಗ ಬಹಳ ಕಡಿಮೆ, ಜಿಡ್ಡಾಗಿಯೇ ಉಳಿಯುತ್ತದೆ. ನಾತವೂ ಇದೇ ಆಕ್ಸಿಡೇಶನ್‌ನಿಂದ: ಸರಪಳಿ ಮುರಿದು ಸಣ್ಣ ಆಲ್ಡಿಹೈಡ್‌ಗಳು ಹುಟ್ಟುತ್ತವೆ. ಮೀನೆಣ್ಣೆ ಕ್ಯಾಪ್ಸೂಲ್‌ಗೆ ವಿಟಮಿನ್ ಇ ಸೇರಿಸುವುದು ಇದನ್ನು ತಡೆಯಲಿಕ್ಕೇ. ಕಾಳಿ ದಂಡೆಯವರೇ, ವಾರ್ಡ್‌ನಲ್ಲಿ ಆ ಡಬ್ಬಿ ಸಿಕ್ಕರೆ ಲೇಬಲ್ ಓದಿ.

ಕಾಳಿ_ದಂಡೆ:

ಓದುತ್ತೇನೆ ಸರ್. ಉತ್ತರ ಹೀಗೆ ಬರೆದರೆ ನಡೆಯುತ್ತಾ? ‘ಸರಪಳಿ ಉದ್ದವಾದಷ್ಟೂ ಕರಗುವ ಉಷ್ಣತೆ ಏರುತ್ತದೆ, ಸಿಸ್ ಡಬಲ್ ಬಾಂಡ್ ಹೆಚ್ಚಿದಷ್ಟೂ ಇಳಿಯುತ್ತದೆ. ರೂಮ್ ಟೆಂಪರೇಚರ್‌ನಲ್ಲಿ ಗಟ್ಟಿಯಾದರೆ ಕೊಬ್ಬು, ದ್ರವವಾದರೆ ಎಣ್ಣೆ.’ ಇನ್ನೊಂದು ಅನುಮಾನ. ಗಟ್ಟಿ ಇದ್ದದ್ದೆಲ್ಲ ಹೃದಯಕ್ಕೆ ಕೆಟ್ಟದ್ದಾ?

ಘಟ್ಟದ_ಮೇಷ್ಟ್ರು:

ನಡೆಯುತ್ತದೆ. ಸಿಸ್ ಅನ್ನುವುದನ್ನು ಮಾತ್ರ ಬಿಡಬೇಡಿ. ಟ್ರಾನ್ಸ್ (ಎರಡು ಭಾಗಗಳು ಎದುರು ಬದಿಗೆ) ಆದರೆ ಸರಪಳಿ ಹೆಚ್ಚುಕಡಿಮೆ ನೆಟ್ಟಗೇ ಇರುತ್ತದೆ. ಓಲಿಯಿಕ್‌ನ ಟ್ರಾನ್ಸ್ ರೂಪ ಎಲೈಡಿಕ್ ಕರಗುವುದು ಸುಮಾರು 45ಕ್ಕೆ. ರೂಮ್ ಟೆಂಪರೇಚರ್ ಅಂದರೆ 25 ಡಿಗ್ರಿ ಅಂತಲೂ ಬರೆಯಿರಿ, ಇಲ್ಲದಿದ್ದರೆ ನಿಮ್ಮ ರೂಮೋ ನಮ್ಮ ರೂಮೋ ಅಂತ ಜಗಳ ಆಗುತ್ತದೆ.

ಹೃದಯದ ಪ್ರಶ್ನೆಗೆ ಗಟ್ಟಿತನ ನೋಡಿ ಉತ್ತರ ಹೇಳಲು ಬರುವುದಿಲ್ಲ. ಸ್ಟಿಯರಿಕ್ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ಅನ್ನು ಅಷ್ಟಾಗಿ ಏರಿಸುವುದಿಲ್ಲ, ಲಾರಿಕ್ ಮತ್ತು ಪಾಮಿಟಿಕ್ ಏರಿಸುತ್ತವೆ. ಟ್ರಾನ್ಸ್ ಎಲ್ಲಕ್ಕಿಂತ ಕೆಟ್ಟದ್ದು, ಎಲ್‌ಡಿಎಲ್ ಏರಿಸಿ ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟರಾಲ್) ಇಳಿಸುತ್ತದೆ. ಲಿಪೊಪ್ರೋಟೀನ್ (ರಕ್ತದಲ್ಲಿ ಕೊಬ್ಬು ಸಾಗಿಸುವ ಕಣ) ಪಾಠ ಮುಗಿಯಲಿ, ಆಮೇಲೆ ಕೇಳಿ.