ಸಹಾಯ ಬೇಕು: ಕೆರೆ, ಹುಲ್ಲುಗಾವಲು ಉಳಿಸುವ ಕೆಲಸಕ್ಕೆ ದಾರಿ ಯಾವುದು?

ಎಲ್ಲರಿಗೂ ನಮಸ್ಕಾರ. ನಮ್ಮದು ಯಾದಗಿರಿ ಜಿಲ್ಲೆ, ಸುರಪುರ ತಾಲ್ಲೂಕು. ಹೋದ ವರ್ಷ ಬಿ.ಎಸ್ಸಿ. ಮುಗಿಸಿದೆ, ಸಸ್ಯಶಾಸ್ತ್ರ ಓದಿದ್ದು. ಚಳಿಗಾಲದಲ್ಲಿ ಬೋನಾಳ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡುತ್ತಲೇ ಬೆಳೆದವನು ನಾನು. ಹಾಳಾದ ಕೆರೆ ಅಂಗಳ, ಹುಲ್ಲುಗಾವಲನ್ನು ಈ ನೆಲದ ಗಿಡಗಳಿಂದಲೇ ಮತ್ತೆ ಸರಿಪಡಿಸುವ ಕೆಲಸ ಮಾಡಬೇಕು ಅಂತ ತುಂಬಾ ಆಸೆ.

ಸುಮ್ನೆ ಕೂರಲಿಲ್ಲ. ನಮ್ಮ ಹೊಲದ ಪಕ್ಕದ ಹಳ್ಳದಲ್ಲಿ, ಹೊರಗಿನಿಂದ ಬಂದು ಎಲ್ಲೆಡೆ ಹಬ್ಬಿರುವ ಬಳ್ಳಾರಿ ಜಾಲಿ ಕಡಿದು ನೋಡಿದೆ. ನೆಲದ ಸಮ ಕಡಿದ ಬುಡಗಳು ಮಳೆ ಬಿದ್ದದ್ದೇ ತಡ, ಒಂದಕ್ಕೆ ಐದಾರು ಚಿಗುರು ಒಡೆದವು. ಗುದ್ದಲಿ ಹಾಕಿ ಬೇರಿನ ತಲೆ ಸಮೇತ ಕಿತ್ತದ್ದು ಮಾತ್ರ ಮತ್ತೆ ಬರಲಿಲ್ಲ. ಅಲ್ಲಿ ಈಗ ಮೊಣಕಾಲುದ್ದ ಹುಲ್ಲು ಎದ್ದಿದೆ.

ಎರಡು ಸಂಸ್ಥೆಗಳಿಗೆ ಅರ್ಜಿ ಹಾಕಿದೆ. ಒಂದು ಕಡೆ ಅನುಭವ ಕೇಳಿದರು, ಇನ್ನೊಂದು ಕಡೆ ಎಂ.ಎಸ್ಸಿ. ಬೇಕು ಅಂದರು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್‌ನ ವನ್ಯಜೀವಿ ಎಂ.ಎಸ್ಸಿ.ಗೆ ಪ್ರತಿ ವರ್ಷ ಪ್ರವೇಶ ಇರುವುದಿಲ್ಲ. ಅಲ್ಲಿಯವರೆಗೆ ಕಾಯುವಷ್ಟು ಮನೆ ಪರಿಸ್ಥಿತಿ ಇಲ್ಲ.

ಈ ಕ್ಷೇತ್ರದಲ್ಲಿ ಇರುವವರು ದಯವಿಟ್ಟು ಹೇಳಿ: ಮೊದಲು ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಲೋ, ಸಂಬಳ ಕಡಿಮೆ ಇದ್ದರೂ ಯಾವುದಾದರೂ ನರ್ಸರಿ ಅಥವಾ ಕೆರೆ ಕೆಲಸಕ್ಕೆ ಸೇರಲೋ?