ಹಳೆಯ ಪ್ಲಾಸ್ಟರ್ ಅಪೊಲೊಗೆ ನೀರು ಮುಟ್ಟಿಸಬಹುದೇ?

ಪ್ರಶ್ನೆ, ಲಂಡನ್‌ನಿಂದ: ವ್ಯಾಟಿಕನ್‌ನಲ್ಲಿರುವ ಅಪೊಲೊ ಬೆಲ್ವೆಡೇರ್ ಶಿಲ್ಪದ ಹಳೆಯ ಪ್ಲಾಸ್ಟರ್ ಬಸ್ಟ್ (ತಲೆ-ಭುಜಗಳಷ್ಟೇ ಇರುವ ಪ್ರತಿಮೆ) ಒಂದನ್ನು 140 ಪೌಂಡ್‌ಗೆ ಕೊಂಡಿದ್ದೇನೆ. ಮೂಗಿನ ತುದಿ ಮುರಿದಿದೆ, ಮೈಮೇಲೆ ದಪ್ಪನೆಯ ಕೆನೆಬಣ್ಣವಿದೆ. ನಾನೇ ಶುಚಿಗೊಳಿಸಬಹುದೇ ಅಥವಾ ತಜ್ಞರಿಗೆ ಒಪ್ಪಿಸಬೇಕೇ? ಅನುಭವವಿದ್ದವರು ತಿಳಿಸಬೇಕಾಗಿ ವಿನಂತಿ.

ಲೀಡ್ಸ್‌ನಿಂದ: 85 ಪೌಂಡ್ ಕೊಟ್ಟು ತಂದ ವೀನಸ್ ತಲೆಯನ್ನು ನಾನು ಬೆಚ್ಚನೆಯ ನೀರಿನಲ್ಲಿ ಅದ್ದಿದ ಸ್ಪಂಜಿನಿಂದ ಒರೆಸಿದೆ. ಗಟ್ಟಿಯಾದ ಪ್ಲಾಸ್ಟರ್ ಎಂದರೆ ಜಿಪ್ಸಮ್. ಲೀಟರ್ ನೀರಿಗೆ ಸುಮಾರು 2 ಗ್ರಾಂನಷ್ಟು ಕರಗುತ್ತದೆ ಎಂಬುದು ಆಗ ನೆನಪಾಗಲಿಲ್ಲ. ಕೂದಲ ಸುರುಳಿಗಳ ಅಂಚು ಸವೆಯಿತು, ಧೂಳು ರಂಧ್ರಗಳೊಳಗೆ ಇಳಿದು ಕೆನ್ನೆ ಬೂದುಬಣ್ಣಕ್ಕೆ ತಿರುಗಿತು. ಬ್ರಷ್ಷಿಗೆ 12, ಬಣ್ಣಕ್ಕೆ 27 ಪೌಂಡ್ ಸುರಿದು, ಕೊನೆಗೆ 30ಕ್ಕೆ ಮಾರಿದೆ.

ಎಡಿನ್‌ಬರೋದಿಂದ: ಅವಸರ ಪಟ್ಟರೆ ಹೀಗೆಯೇ ಆಗುವುದು. ಪ್ರಾಚೀನ ಗ್ರೀಕ್ ಶಿಲ್ಪಿ ಪ್ರಾಕ್ಸಿಟಲೀಸನ ಹರ್ಮಿಸ್ ಬಸ್ಟನ್ನು ನಾನು ಸಂರಕ್ಷಣಾ ತಜ್ಞೆಗೆ ಒಪ್ಪಿಸಿದೆ. ಪರಿಶೀಲನೆಗೇ 60, ಒಟ್ಟು 420 ಪೌಂಡ್. ಅವರು ಮೂರು ವಾರ ಚಿಕ್ಕ ಚಾಕುವಿನಿಂದ ನಾಲ್ಕು ಪದರ ಬಣ್ಣ ಕೆರೆದು, ಅಡಿಯಲ್ಲಿದ್ದ ಅರಗಿನ ಲೇಪವನ್ನೂ ಕುತ್ತಿಗೆಯ ಮೇಲಿನ ಅಚ್ಚಿನ ಕೂಡುಗೆರೆಗಳನ್ನೂ ಹಾಗೆಯೇ ಉಳಿಸಿದರು. ಇದು 1850ರ ಎರಕವೆಂದು ರಸೀದಿಯಲ್ಲೇ ಇದೆ.

ಲೀಡ್ಸ್‌ನಿಂದ: ಆ ಹರ್ಮಿಸ್‌ನ ಮೂಲಶಿಲ್ಪ ಗ್ರೀಸಿನ ಒಲಿಂಪಿಯಾದ ಮಣ್ಣಿನಿಂದ ಹೊರಬಂದದ್ದೇ 1877ರಲ್ಲಿ. ಅದಕ್ಕೂ 27 ವರ್ಷ ಮೊದಲು ಅಚ್ಚು ತೆಗೆದವರು ಯಾರು ಸ್ವಾಮಿ?

ಎಡಿನ್‌ಬರೋದಿಂದ: ನಾನು 420 ಪೌಂಡ್ ಕೊಟ್ಟದ್ದು ಕೆಲಸಕ್ಕೆ, ಇಸವಿಗಲ್ಲ. ವೀನಸ್ಸಿನ ಕೂದಲು ಕರಗಿಸಿದವರಿಂದ ನನಗೆ ಇತಿಹಾಸದ ಪಾಠ ಬೇಡ.

ಮೈಸೂರಿನಿಂದ: ನಿಮ್ಮಿಬ್ಬರಿಗೂ ಮಳೆಗಾಲದ ಪಾಡು ತಿಳಿಯದು. ಊರಿಗೆ ಮರಳುವಾಗ ಬರ್ಮಿಂಗ್‌ಹ್ಯಾಮ್‌ನಿಂದ ನನ್ನ ಬಸ್ಟನ್ನು ಹಡಗಿನಲ್ಲಿ ಕಳುಹಿಸಲು, ಮರದ ಪೆಟ್ಟಿಗೆಯೂ ಸೇರಿ 310 ಪೌಂಡ್ ತೆತ್ತೆ. ಎರಡನೆಯ ಮಳೆಗಾಲಕ್ಕೆ ಕುತ್ತಿಗೆಯಲ್ಲಿ ಕಿತ್ತಳೆ ಕಲೆ ಮೂಡಿತು. ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಉಬ್ಬಿ, ಭುಜದಿಂದ ಕಿವಿಯವರೆಗೆ ಬಿರುಕು ಬಿಟ್ಟಿತು. ಗಣಪತಿ ಮಾಡುವವರೊಬ್ಬರು ಸರಳನ್ನು ತೆಗೆದು ಹಿತ್ತಾಳೆಯದನ್ನು ಕೂರಿಸಿಕೊಟ್ಟರು, 2,800 ರೂಪಾಯಿ.

ಎಡಿನ್‌ಬರೋದಿಂದ: ಹಳೆಯ ಎರಕವನ್ನು ಗಣಪತಿ ಮಾಡುವವರ ಕೈಗೆ ಕೊಟ್ಟಿರೇ!

ಮೈಸೂರಿನಿಂದ: ಪ್ಲಾಸ್ಟರ್ ಎಷ್ಟು ಹೊತ್ತಿಗೆ ಬಿಗಿಯುತ್ತದೆಂದು ಅವರ ಬೆರಳಿಗೇ ಗೊತ್ತು. ನಿಮ್ಮ ತಜ್ಞೆ ಇಸವಿಯನ್ನಾದರೂ ಹಿಡಿಯಬಹುದಿತ್ತು.

ಲಂಡನ್‌ನಿಂದ: ಹಿರಿಯರು ಕ್ಷಮಿಸಬೇಕು, ನನ್ನ ಅಪೊಲೊನ ಮೂಗಿನ ವಿಷಯ?

ಮೈಸೂರಿನಿಂದ: ಮೂಗು ಹಾಗೆಯೇ ಇರಲಿ. ಮೊದಲು ಕುತ್ತಿಗೆಗೆ ಅಯಸ್ಕಾಂತ ಹಿಡಿದು ನೋಡಿ.