ಸಹಾಯ ಬೇಕು: ಪೈಗೇಮ್‌ನಲ್ಲಿ ಸ್ಪೇಸ್ ಒತ್ತಿದರೆ ಒಮ್ಮೆ ಜಿಗಿತ, ಒಮ್ಮೆ ಇಲ್ಲ

ಪೈಗೇಮ್ (ಪೈಥಾನ್‌ನಲ್ಲಿ ಆಟ ಬರೆಯುವ ಲೈಬ್ರರಿ) ಬಲ್ಲವರು ದಯವಿಟ್ಟು ನೋಡಿ. ಹೊಸಬರಿಗೆ ಕಲಿಸಲು ಬರೆದ ಸಣ್ಣ ಆಟ, ಸೆಕೆಂಡಿಗೆ 60 ಫ್ರೇಮ್ (ಪರದೆಯ ಚಿತ್ರ). ಎಡ-ಬಲ ಓಡಾಟಕ್ಕೆ ಗೆಟ್_ಪ್ರೆಸ್ಡ್ (ಕೀ ಈಗ ಒತ್ತಿಯೇ ಇದೆಯೇ ಎಂದು ಹೇಳುವುದು) ಬಳಸಿದೆ, ಅದು ಸರಿಯಾಗಿದೆ. ತೊಂದರೆ ಇರುವುದು ಜಿಗಿತದಲ್ಲಿ.

ಷರತ್ತು ಇಷ್ಟೇ: ಕೀಡೌನ್ (ಕೀ ಒತ್ತಿದ ಕ್ಷಣ ಒಮ್ಮೆ ಬರುವ ಸೂಚನೆ) ಬಂದಿರಬೇಕು, ಕೀ ಸ್ಪೇಸ್ ಆಗಿರಬೇಕು, ಗೊಂಬೆ ನೆಲದ ಮೇಲಿದೆ ಎನ್ನುವ ಆನ್_ಗ್ರೌಂಡ್ ಟ್ರೂ ಇರಬೇಕು. ಆದರೆ ಹತ್ತು ಸಲ ಒತ್ತಿದರೆ ಅರ್ಧದಷ್ಟು ಸಲ ಗೊಂಬೆ ಕದಲುವುದೇ ಇಲ್ಲ. ಪ್ರತಿ ಫ್ರೇಮಿಗೆ ಆನ್_ಗ್ರೌಂಡ್ ಪ್ರಿಂಟ್ ಹಾಕಿದರೆ, ನೆಲದ ಮೇಲೆ ಸುಮ್ಮನೆ ನಿಂತಾಗಲೂ ಟ್ರೂ, ಫಾಲ್ಸ್, ಟ್ರೂ, ಫಾಲ್ಸ್ ಎಂದೇ ಬರುತ್ತದೆ.

ಕಾರಣ ಗೊತ್ತಾಗಿದೆ. ಗುರುತ್ವ ಫ್ರೇಮಿಗೆ 0.5. ರೆಕ್ಟ್ (ಗೊಂಬೆಯ ಸ್ಥಾನ ಹೇಳುವ ಆಯತ) ಪೂರ್ಣಾಂಕ ಮಾತ್ರ ಇಟ್ಟುಕೊಳ್ಳುವುದರಿಂದ ಸ್ಥಾನ 560.5 ಹೋಗಿ 560 ಆಗುತ್ತದೆ. ಅಂಚಿಗೆ ಅಂಚು ತಾಗಿದ್ದನ್ನು ಕೊಲೈಡ್‌ರೆಕ್ಟ್ (ಎರಡು ಆಯತ ಒಂದರೊಳಗೊಂದು ಬಂದಿವೆಯೇ ಎಂದು ನೋಡುವುದು) ಡಿಕ್ಕಿ ಎಂದು ಎಣಿಸುವುದಿಲ್ಲ, ಹಾಗಾಗಿ ಫಾಲ್ಸ್. ಮುಂದಿನ ಫ್ರೇಮಿನಲ್ಲಿ ವೇಗ 1 ಆಗಿ ಒಂದು ಪಿಕ್ಸೆಲ್ ಒಳಗೆ ಇಳಿದಾಗಲೇ ಟ್ರೂ.

ಎರಡು ದಾರಿ ಕಾಣುತ್ತಿವೆ: ರೆಕ್ಟನ್ನು 1 ಪಿಕ್ಸೆಲ್ ಕೆಳಗೆ ಸರಿಸಿ ನೆಲ ಇದೆಯೇ ಎಂದು ಪ್ರತ್ಯೇಕವಾಗಿ ನೋಡುವುದು, ಇಲ್ಲವೇ ನೆಲ ಬಿಟ್ಟ ಮೇಲೂ 6 ಫ್ರೇಮ್ ಜಿಗಿತಕ್ಕೆ ಅವಕಾಶ ಕೊಡುವುದು. ಎರಡನೆಯದು ಆಡಲು ಹಿತ, ಆದರೆ ಜಿಗಿದ ಕೂಡಲೇ ಉಳಿದ ಫ್ರೇಮ್‌ಗಳ ಎಣಿಕೆಯನ್ನು ಸೊನ್ನೆ ಮಾಡದಿದ್ದರೆ ಗಾಳಿಯಲ್ಲೇ ಇನ್ನೊಮ್ಮೆ ಹಾರುತ್ತದೆ. ಷರತ್ತು ಬರೆಯುವ ಇಫ್ ಈಗಷ್ಟೇ ಕಲಿತ ಮಕ್ಕಳಿಗೆ ಮೊದಲು ಯಾವುದನ್ನು ತೋರಿಸುವುದು ಒಳ್ಳೆಯದು?

ಜಿಗಿತಕ್ಕೂ ಗೆಟ್_ಪ್ರೆಸ್ಡ್ ಹಾಕಿ ಎನ್ನಬೇಡಿ. ಸ್ಪೇಸ್ ಹಿಡಿದೇ ಇದ್ದರೆ ಗೊಂಬೆ ಚೆಂಡಿನಂತೆ ಪುಟಿಯುತ್ತದೆ, ತಪ್ಪು ಒಳಗೇ ಉಳಿಯುತ್ತದೆ.